ಅಲರ್ಜಿಯೋ, ಹೊಟ್ಟೆಗೆ ಆಗಿಬರದ್ದೋ? ಮೊದಲು ಗಡಿಯಾರ ನೋಡಿ

ಪ್ರಶ್ನೆ: ನನಗೆ 34 ವರ್ಷ. ಒಂದು ವರ್ಷದಿಂದ ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ, ತಲೆ ಭಾರ, ಸುಸ್ತು. ಕೆಲವು ಸಲ ಮೈ ತುರಿಸುತ್ತದೆ, ಆದರೆ ಗಂಧೆ ಏಳುವುದಿಲ್ಲ. ಅದೇ ಊಟ ಮಾಡಿದರೂ ಒಮ್ಮೊಮ್ಮೆ ಏನೂ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಕಿಟ್ ತರಿಸಿ, ಯಾವ ಆಹಾರ ಆಗಿಬರದೆಂದು ತಿಳಿಸುತ್ತದೆನ್ನುವ ಐಜಿಜಿ ರಕ್ತಪರೀಕ್ಷೆ ಮಾಡಿಸಿದೆ. ಹಾಲು, ಗೋಧಿ, ಮೊಟ್ಟೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಪದಾರ್ಥಗಳಿಗೆ ಕೆಂಪು ಗುರುತು ಬಂತು. ಹಾಲು, ಗೋಧಿ ಬಿಟ್ಟು ಎರಡು ತಿಂಗಳಾಯಿತು. ಹೊಟ್ಟೆ ಹಗುರಾಗಿದೆ, ತೂಕವೂ ಇಳಿದಿದೆ. ಸೀಗಡಿ ತಿಂದಾಗ ಎರಡು ಸಲ ತುಟಿ ಜುಮ್ಮೆಂದು ಸ್ವಲ್ಪ ಊದಿತ್ತು, ಆದರೆ ವರದಿಯಲ್ಲಿ ಅದಕ್ಕೆ ಹಸಿರು ಗುರುತಿದೆ. ನನ್ನದು ಅಲರ್ಜಿಯೇ, ಇನ್‌ಟಾಲರೆನ್ಸೇ (ಆಹಾರ ಹೊಟ್ಟೆಗೆ ಆಗಿಬರದಿರುವುದೇ)?
— ಹೆಸರು ಬೇಡ

ಉತ್ತರ: ಬಹುಶಃ ಎರಡೂ, ಆದರೆ ಬೇರೆ ಬೇರೆ ಆಹಾರಕ್ಕೆ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಹೊಟ್ಟೆ ಉಬ್ಬರವಲ್ಲ, ಕೊನೆಗೆ ಒಂದೇ ಸಾಲಿನಲ್ಲಿ ಹೇಳಿ ಬಿಟ್ಟ ಸೀಗಡಿಯ ವಿಚಾರ.

ಸಾಮಾನ್ಯ ಆಹಾರದ ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಒಂದು ಪ್ರೋಟೀನನ್ನು ಶತ್ರು ಎಂದು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು, ಅಂದರೆ ಶತ್ರುವನ್ನು ಗುರುತಿಸುವ ರಕ್ತದ ಅಂಶವನ್ನು (ಆ್ಯಂಟಿಬಾಡಿ), ಸಿದ್ಧಮಾಡಿಟ್ಟುಕೊಂಡಿರುತ್ತದೆ. ಆ ಪ್ರೋಟೀನ್ ಮತ್ತೆ ಒಳಗೆ ಹೋದರೆ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ಗಂಧೆ, ತುಟಿ ಊತ, ವಾಂತಿ, ಉಬ್ಬಸ ಶುರುವಾಗುತ್ತದೆ. ಒಂದು ತುಣುಕೂ ಸಾಕಾಗಬಹುದು. ಇನ್‌ಟಾಲರೆನ್ಸ್‌ನಲ್ಲಿ ಪ್ರತಿಕಾಯದ ಪಾತ್ರವಿಲ್ಲ. ಬಾಧೆ ಹೆಚ್ಚಾಗಿ ಹೊಟ್ಟೆಗೇ ಸೀಮಿತ, ನಿಧಾನವಾಗಿ ಏಳುತ್ತದೆ, ತಿಂದ ಪ್ರಮಾಣದ ಮೇಲೆ ನಿಂತಿರುತ್ತದೆ. ಸಂಕಟ ಕೊಡುತ್ತದೆ, ಪ್ರಾಣಕ್ಕೆ ಎರವಾಗುವುದಿಲ್ಲ. ಹಾಗಾಗಿ ನಾನು ‘ಏನು ತಿಂದಿರಿ’ ಎನ್ನುವುದಕ್ಕಿಂತ ಮೊದಲು ಕೇಳುವುದು ‘ತಿಂದ ಎಷ್ಟು ಹೊತ್ತಿಗೆ, ಎಷ್ಟು ತಿಂದಾಗ, ಪ್ರತಿ ಸಲವೂ ಆಯಿತೇ’ ಎಂದು.

ಹಾಲನ್ನೇ ನೋಡಿ. ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಜಗತ್ತಿನ ಹೆಚ್ಚಿನ ವಯಸ್ಕರಲ್ಲಿ ಕಡಿಮೆಯಾಗಿರುತ್ತದೆ. ಜೀರ್ಣವಾಗದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಗ್ಯಾಸ್ ಆಗುತ್ತದೆ. ಇಂಥವರಲ್ಲೂ ಹೆಚ್ಚಿನವರಿಗೆ ಒಂದು ಸಲಕ್ಕೆ 12 ಗ್ರಾಂ ಲ್ಯಾಕ್ಟೋಸ್, ಅಂದರೆ ಸುಮಾರು ಒಂದು ಲೋಟ ಹಾಲು, ಅಷ್ಟೇನೂ ತೊಂದರೆ ಕೊಡುವುದಿಲ್ಲ. ಊಟದ ಜೊತೆಗಾದರೆ ಇನ್ನೂ ಸಲೀಸು. ಚೆನ್ನಾಗಿ ಹಣ್ಣಾದ ಗಟ್ಟಿ ಚೀಸ್‌ನಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಹಾಲಿನ ಅಲರ್ಜಿ ಇರುವವರಿಗೆ ಈ ಚೌಕಾಶಿ ಇಲ್ಲ. ಅವರಿಗೆ ಲ್ಯಾಕ್ಟೋಸ್ ತೆಗೆದ ಹಾಲೂ ಅಪಾಯವೇ, ಪ್ರೋಟೀನ್ ಅದರಲ್ಲಿ ಹಾಗೇ ಇರುತ್ತದಲ್ಲ. ಒಂದೇ ಊಟಕ್ಕೆ ನಿಮಗೆ ಒಮ್ಮೆ ಬಾಧೆ, ಒಮ್ಮೆ ಏನೂ ಇಲ್ಲ ಎನ್ನುವುದು ಇನ್‌ಟಾಲರೆನ್ಸ್ ಕಡೆಗೇ ಬೆರಳು ತೋರಿಸುತ್ತದೆ: ಆ ದಿನ ಒಟ್ಟು ಎಷ್ಟು ಸೇರಿತು ಎಂಬುದೇ ಲೆಕ್ಕ.

ಗೋಧಿ ಬಿಟ್ಟು ಹಗುರಾದದ್ದೂ ಅಲರ್ಜಿಗೆ ಸಾಕ್ಷಿಯಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ, ಕರುಳಿನಲ್ಲಿ ಹುಳಿಯುವ ಪಿಷ್ಟದಂಥ ಅಂಶವಿದೆ. ಅದು ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಉಂಟು. ಆದರೆ ಸೀಲಿಯಾಕ್ ಕಾಯಿಲೆಯನ್ನು ಮೊದಲು ತಳ್ಳಿಹಾಕಬೇಕು. ಅದು ಅಲರ್ಜಿಯೂ ಅಲ್ಲ, ಇನ್‌ಟಾಲರೆನ್ಸೂ ಅಲ್ಲ. ಗ್ಲುಟೆನ್ ಎಂಬ ಗೋಧಿಯ ಪ್ರೋಟೀನಿನ ನೆಪದಲ್ಲಿ ದೇಹ ತನ್ನ ಕರುಳನ್ನೇ ಹಾಳುಮಾಡಿಕೊಳ್ಳುವ ಕಾಯಿಲೆ. ಉಬ್ಬರ, ಸುಸ್ತು, ತೂಕ ಇಳಿಕೆ, ರಕ್ತಹೀನತೆ ಎಲ್ಲವೂ ಅದರಲ್ಲಿ ಬರಬಹುದು. ತೊಡಕೆಂದರೆ, ಗೋಧಿ ಬಿಟ್ಟವರಲ್ಲಿ ಇದರ ರಕ್ತಪರೀಕ್ಷೆ ಸುಳ್ಳೇ ನೆಗೆಟಿವ್ ಬರಬಹುದು. ಕನಿಷ್ಠ ಆರು ವಾರ ದಿನವೂ ಗೋಧಿ ತಿಂದ ಮೇಲೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಪರೀಕ್ಷೆಗೂ ಮುಂಚೆಯೇ ಪಥ್ಯ ಹಿಡಿಯಬೇಡಿ ಎಂದು ನಾವು ಗೋಗರೆಯುವುದು ಇದಕ್ಕೇ. ಮತ್ತೆ ತಿನ್ನಲು ಶುರುಮಾಡುವುದನ್ನೂ ವೈದ್ಯರಿಗೆ ಹೇಳಿಯೇ ಮಾಡಿ.

ಇನ್ನು ನಿಮ್ಮ ಕೆಂಪು-ಹಸಿರು ವರದಿ. ಐಜಿಜಿ ಎಂಬುದು ಐಜಿಇಗಿಂತ ಬೇರೆ ಬಗೆಯ ಪ್ರತಿಕಾಯ. ಅದು ಹೇಳುವುದು ಆ ಆಹಾರವನ್ನು ನೀವು ತಿಂದಿದ್ದೀರಿ ಎಂದಷ್ಟೇ. ದಿನಾ ತಿನ್ನುವ ಹಾಲು, ಗೋಧಿಗೆ ಕೆಂಪು ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಹಾರ ತೊಂದರೆ ಪತ್ತೆಗೆ ಈ ಪರೀಕ್ಷೆ ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ಆದರೂ ಮಾರಾಟ ನಿಂತಿಲ್ಲ. ಕೆಂಪು ಗುರುತು ಸುಮ್ಮನೆ ಪಥ್ಯ ಮಾಡಿಸಿದರೆ, ಹಸಿರು ಗುರುತು ಅದಕ್ಕಿಂತ ಅಪಾಯಕಾರಿ. ನಿಮ್ಮ ಸೀಗಡಿಯೇ ಇದಕ್ಕೆ ಉದಾಹರಣೆ.

ಹಾಗಂತ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಾಗಲಿ, ಐಜಿಇ ರಕ್ತಪರೀಕ್ಷೆಯಾಗಲಿ ಕೊನೆಯ ಮಾತೂ ಅಲ್ಲ. ಪಾಸಿಟಿವ್ ಬಂದರೂ ಆ ಆಹಾರವನ್ನು ನಿಶ್ಚಿಂತೆಯಿಂದ ತಿನ್ನುವವರು ಬಹಳ ಮಂದಿ. ನಡೆದ ಘಟನೆಗೂ ಪರೀಕ್ಷೆಗೂ ತಾಳೆಯಾಗಬೇಕು. ಆಗದಿದ್ದರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು, ಚೂರು ಚೂರಾಗಿ ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ಮಾಡಬಾರದು.

ಎರಡು ವಾರ ಒಂದು ಪುಸ್ತಕದಲ್ಲಿ ಬರೆಯಿರಿ. ‘ಊಟ, ಹೊಟ್ಟೆನೋವು’ ಎಂದಲ್ಲ. ‘1.10ಕ್ಕೆ ಎರಡು ಲೋಟ ಹಾಲು, 3.00ಕ್ಕೆ ಉಬ್ಬರ, ಗಂಧೆ ಇಲ್ಲ, ಹಿಂದಿನ ರಾತ್ರಿ ನಿದ್ದೆ ಕಡಿಮೆ’ ಎಂದು. ನೋವಿನ ಮಾತ್ರೆ, ಮದ್ಯ, ವ್ಯಾಯಾಮವನ್ನೂ ಸೇರಿಸಿ. ಗೋಧಿ ತಿಂದು ಓಡಿದಾಗ ಮಾತ್ರ ಕೆರಳುವ ಅಲರ್ಜಿ ಇದೆ. ಉಣ್ಣಿ (ದನ, ನಾಯಿಗಳ ಮೈಗೆ ಅಂಟಿ ರಕ್ತ ಹೀರುವ ಹುಳ) ಕಚ್ಚಿದ ಕೆಲವರಲ್ಲಿ ಕುರಿ, ಹಂದಿಯಂಥ ಪ್ರಾಣಿಗಳ ಮಾಂಸ ತಿಂದು ಮೂರರಿಂದ ಆರು ಗಂಟೆಯ ಮೇಲೆ, ನಡುರಾತ್ರಿ ಗಂಧೆ ಏಳುವುದೂ ಉಂಟು. ಗಡಿಯಾರದ ಲೆಕ್ಕ ತಪ್ಪುವುದು ಇಂಥ ಕಡೆ. ಗಂಧೆಯಿಲ್ಲದ ಬರೀ ತುರಿಕೆಗೆ ಒಣಚರ್ಮ, ಕಬ್ಬಿಣದ ಕೊರತೆ, ಥೈರಾಯ್ಡ್ ಕೂಡ ಕಾರಣವಿರಬಹುದು.

ಸೀಗಡಿ ಮಾತ್ರ ಇವತ್ತಿನಿಂದಲೇ ಬೇಡ. ಏಡಿಯೂ ಬೇಡ, ಕೆರಳಿಸುವ ಪ್ರೋಟೀನ್ ಹೆಚ್ಚುಕಡಿಮೆ ಒಂದೇ, ಬೇಯಿಸಿದರೂ ಹೋಗುವುದಿಲ್ಲ. ಅರಿಯದೆ ತಿಂದು ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಎದ್ದು ಓಡಾಡದೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆ ಮಾಡಿಸಿ. ಅದಕ್ಕೆ ಮದ್ದು ತೊಡೆಗೆ ಚುಚ್ಚುವ ಅಡ್ರಿನಲಿನ್. ಅಲರ್ಜಿ ಮಾತ್ರೆ ನುಂಗಿ ಕಾಯುವಂತಿಲ್ಲ. ಅಲರ್ಜಿ ತಜ್ಞರ ಸಮಯ ಪಡೆಯುವಾಗಲೇ, ಚರ್ಮದ ಪರೀಕ್ಷೆಗೆ ಎಷ್ಟು ದಿನ ಮೊದಲು ತುರಿಕೆ ಮಾತ್ರೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ.