ಹತ್ತು ಅಂಕದ ಪ್ರಶ್ನೆ ಬಿಟ್ಟ ಹುಡುಗಿ

ಊರು, ಕಾಲೇಜು, ಮನೆಯ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಪಿಯುಸಿ ಕಲಾ ವಿಭಾಗದ ಹುಡುಗಿ. ಉಳಿದ ವಿಷಯಗಳಲ್ಲಿ ಎಂಬತ್ತರ ಮೇಲೆ, ರಾಜ್ಯಶಾಸ್ತ್ರದಲ್ಲಿ ಮಾತ್ರ ಪಾಸಾಗುವಷ್ಟೇ ಅಂಕ. ಉಪನ್ಯಾಸಕರು ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕಳಿಸುವಾಗ, 'ಏನೋ ಲವ್ವು ಗಿವ್ವು ಇರಬೇಕು, ವಿಚಾರಿಸಿ ಮೇಡಂ' ಅಂದರು. ಹೆಣ್ಣುಮಕ್ಕಳ ಅಂಕ ಇಳಿದರೆ ನಮ್ಮ ಕಾಲೇಜುಗಳಿಗೆ ಹೊಳೆಯುವುದು ಎರಡೇ ಕಾರಣ. ಇನ್ನೊಂದು ಮೊಬೈಲು.

ಅವಳ ಉತ್ತರಪತ್ರಿಕೆ ತರಿಸಿ ನೋಡಿದೆ. ಸಂವಿಧಾನದ 73ನೇ ತಿದ್ದುಪಡಿ ಮತ್ತು ಪಂಚಾಯತಿಗಳಲ್ಲಿ ಮಹಿಳೆಯರ ಸಬಲೀಕರಣ ಕುರಿತು ಹತ್ತು ಅಂಕದ ಪ್ರಶ್ನೆ ಇತ್ತು. ಅದರ ಸಂಖ್ಯೆ ಬರೆದು, ಕೆಳಗೆ ಗೆರೆ ಎಳೆದಿದ್ದಾಳೆ. ಅಲ್ಲಿಂದ ಮುಂದೆ ಎಲ್ಲ ಪುಟ ಖಾಲಿ. ಪರೀಕ್ಷೆ ಮುಗಿಯಲು ಇನ್ನೂ ಒಂದು ಗಂಟೆ ಇತ್ತಂತೆ.

ಮೊದಲ ಎರಡು ಭೇಟಿಯಲ್ಲಿ 'ಮರೆತುಹೋಯ್ತು ಮೇಡಂ' ಎನ್ನುವುದರಾಚೆ ಏನೂ ಬರಲಿಲ್ಲ. ಮೂರನೆಯ ಸಲ ನಾನು ಬೇರೆ ದಾರಿ ಕಾಣದೆ, 'ನನಗೇ ಆ ಪಾಠ ಮಾಡು, ನಾನು ಓದಿದ್ದು ವಿಜ್ಞಾನ' ಅಂದೆ. ಅದು ನಿಜವೂ ಹೌದು. ಅವಳು ಗಡಗಡ ಶುರುಮಾಡಿದಳು. ಕರ್ನಾಟಕದ 1983ರ ಪಂಚಾಯತಿ ಕಾಯ್ದೆ, 1987ರ ಚುನಾವಣೆ, ಆಗಲೇ ಹೆಂಗಸರಿಗೆ ಶೇ. 25 ಮೀಸಲು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯಲ್ಲಿ ಮೂರನೇ ಒಂದು ಭಾಗ. 2010ರಲ್ಲಿ ನಮ್ಮ ರಾಜ್ಯದಲ್ಲಿ ಅರ್ಧ. ಒಂದೂ ತಪ್ಪಿರಲಿಲ್ಲ.

'ಇಷ್ಟು ಬರುತ್ತಲ್ಲ, ಮತ್ಯಾಕೆ ಬರೀಲಿಲ್ಲ?'

ಸುಮಾರು ಹೊತ್ತು ಬೆಂಚಿನ ತುದಿ ಕೆರೆದಳು. ಆಮೇಲೆ ಹೇಳಿದಳು: 'ಮೇಡಂ, ನಮ್ಮಮ್ಮನೇ ಪಂಚಾಯ್ತಿ ಮೆಂಬರು. ಊರಲ್ಲಿ ಎಲ್ರೂ ನಮ್ಮಪ್ಪನ್ನ ಮೆಂಬರ್ರೇ ಅಂತ ಕರೀತಾರೆ. ಅಮ್ಮನ್ನ ಮೆಂಬರ್ ಹೆಂಡ್ತಿ ಅಂತಾರೆ.'

ನನಗೆ ನಗು ಬಂತು, ತಡೆದುಕೊಂಡೆ. ಅವಳೇ ನಕ್ಕಳು. ನಗುತ್ತಲೇ, 'ಅಮ್ಮನ ಸಹಿ ಅಮ್ಮನಿಗಿಂತ ಅಪ್ಪನೇ ಚೆನ್ನಾಗಿ ಹಾಕ್ತಾರೆ. ಸಭೆ ನಡಾವಳಿ ಪುಸ್ತಕ ಮನೇಗೇ ಬರುತ್ತೆ. ನನ್ನ ಮಾರ್ಕ್ಸ್ ಕಾರ್ಡಿಗೂ ಅದೇ ಸಹಿ. ಸಬಲೀಕರಣ ಆಗಿದೆ ಅಂತ ಬರೆದು, ಅದೇ ಸಹಿ ಹಾಕಿಸ್ಕೊಂಡು ಬರಬೇಕಲ್ಲ ಮೇಡಂ' ಅಂದಳು. ಅಷ್ಟು ಹೇಳಿ ಅತ್ತಳು.

ಅಪ್ಪ ಕೆಟ್ಟವನಲ್ಲ ಎಂದು ಎರಡು ಸಲ ಹೇಳಿದಳು. ರಾತ್ರಿ ಹನ್ನೊಂದಕ್ಕೆ ಮೋಟರು ಸುಟ್ಟಿತೆಂದು ಫೋನ್ ಬಂದರೆ ಎದ್ದು ಹೋಗುವವನು ಅವನೇ. ನಾನು ನಜೀರ್ ಸಾಬರ ಕಥೆ ಹೇಳಿದೆ. ಆ 1983ರ ಕಾಯ್ದೆಯ ಹಿಂದಿದ್ದ ಮಂತ್ರಿ, ಬೋರ್‌ವೆಲ್ ಕೊರೆಸಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. ನೀರು ಕೊಡಿಸುವುದೂ ಹೆಂಗಸರಿಗೆ ಕುರ್ಚಿ ಕೊಡಿಸುವುದೂ ಒಬ್ಬರೇ ಮನುಷ್ಯರ ಕೆಲಸವಾಗಿತ್ತು ನೋಡು ಅಂದೆ. ಅವಳ ಪಠ್ಯದಲ್ಲಿ ಅವರ ಹೆಸರಿಗೆ ಒಂದು ಸಾಲು ಸಿಕ್ಕಿದ್ದರೆ ಹೆಚ್ಚು.

ಆಮೇಲೆ ಕೊಟ್ಟ ಸಲಹೆ ಇದು. ಉತ್ತರ ಬರಿ. ಕಾನೂನು ಏನು ಹೇಳುತ್ತದೋ ಅದನ್ನು ಬರೆದರೆ ಸುಳ್ಳಾಗುವುದಿಲ್ಲ, ಕಾನೂನು ಹಾಗೆ ಹೇಳುತ್ತಿರುವುದು ನಿಜ. ಕೊನೆಗೆ ಒಂದು ಪ್ಯಾರಾ, 'ಆದರೆ ಹಲವೆಡೆ' ಎಂದು ಶುರುಮಾಡಿ ಕಂಡದ್ದನ್ನು ಬರಿ, ನಿಮ್ಮ ಮನೆ ಎನ್ನಬೇಡ. ಪರೀಕ್ಷೆ ಮುಗಿಯುವ ತನಕ ಸಹಿಯ ವಿಷಯ ಅಪ್ಪನ ಹತ್ತಿರ ಎತ್ತಬೇಡ. ಆ ಪಾಠವನ್ನು ನನಗೆ ಮಾಡಿದ ಹಾಗೇ ಅಮ್ಮನಿಗೂ ಮಾಡು, ಸಾಯಂಕಾಲ ಅವರು ಅಕ್ಕಿ ಆರಿಸುವಾಗ.

ಒಂದು ತರಬೇತಿಯಲ್ಲಿ ಇದನ್ನು ಹೇಳಿದಾಗ ಕಿರಿಯ ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಇನ್ನೊಬ್ಬರ ಸಹಿ ಹಾಕುವುದು ಅಪರಾಧ, ನೀವು ಹುಡುಗಿಗೆ ಬಾಯಿ ಮುಚ್ಚಿಕೊಂಡಿರು ಎಂದಿರಿ ಅಂದರು. ಅಪರಾಧವೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಪಂಚಾಯತಿಗೆ ಕಾರ್ಯದರ್ಶಿ ಇದ್ದಾರೆ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಇದ್ದಾರೆ, ತಾಲ್ಲೂಕು ಪಂಚಾಯತಿ ಇದೆ. ನಡಾವಳಿ ಪುಸ್ತಕ ಮನೆಗೆ ಹೋಗಿ ಬರುವುದು ಅವರ‍್ಯಾರಿಗೂ ಕಾಣದೆ, ಹದಿನೇಳು ವರ್ಷದ ಮಗಳೇ ಅಪ್ಪನ ಮೇಲೆ ದೂರು ಕೊಡಬೇಕೆ? ಅನ್ನ ಹಾಕುವ ಮನೆಯಲ್ಲೇ ಅವಳು ನಾಳೆ ಮಲಗಬೇಕು. ಓದು ಬಿಡಿಸಿ ಮದುವೆ ಮಾಡಿಬಿಟ್ಟರೆ ನನ್ನ ಸಹೋದ್ಯೋಗಿ ಹೋಗಿ ನಿಲ್ಲಿಸುತ್ತಾರೆಯೇ? ಹುಡುಗಿ ಪಿಯು ಮುಗಿಸಬೇಕು, ಡಿಗ್ರಿಗೆ ಸೇರಬೇಕು. ನನ್ನ ಲೆಕ್ಕದಲ್ಲಿ ಅದು ಮೊದಲು.

ಈ ಬಗೆಯ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಹಾಸ್ಟೆಲಿನ ಒಬ್ಬ ಹುಡುಗನಿಗೆ ಸಂವಿಧಾನದ 17ನೇ ವಿಧಿಯ ಪ್ರಶ್ನೆ ಬಂದರೆ ಕೈ ನಡುಗುತ್ತಿತ್ತು. 'ಅಸ್ಪೃಶ್ಯತೆಯನ್ನು ನಿರ್ಮೂಲನ ಮಾಡಲಾಗಿದೆ' ಎಂಬ ವಾಕ್ಯ ಬರೆಯಬೇಕು, ಅವನೂರಿನ ಹೋಟೆಲಿನಲ್ಲಿ ಅವನ ಅಪ್ಪನ ಲೋಟ ಇವತ್ತಿಗೂ ಹೊರಗಿದೆ. ಇಂಥ ಮಕ್ಕಳು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ರಾಜ್ಯಶಾಸ್ತ್ರ ಎಂದರೆ ಕಥೆ ಬರೆದರೂ ಪಾಸು ಎನ್ನುವ ಸ್ಟಾಫ್‌ರೂಮು ಇರುವ ಕಾಲೇಜಿನಲ್ಲಿ ಆ ಪಾಠವನ್ನು ನಂಬಿ ಓದಿದವರು ಇವರಷ್ಟೇ. ಉಪನ್ಯಾಸಕರಲ್ಲಿ ನಾನು ಕೇಳುವುದು ಇಷ್ಟೇ. ಪಂಚಾಯತಿ ಪಾಠ ಮುಗಿದ ಮೇಲೆ ಒಂದು ಪೀರಿಯಡ್ ಬಿಟ್ಟುಕೊಡಿ, 'ನಿಮ್ಮೂರಲ್ಲಿ ಹೇಗೆ?' ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ನೋಟ್ಸ್ ಬರೆಸಬೇಡಿ.

ಮುಂದಿನ ಪರೀಕ್ಷೆಯಲ್ಲಿ ಅವಳು ಆ ಉತ್ತರ ಬರೆದಳು. ಹತ್ತಕ್ಕೆ ಏಳು. 'ಆದರೆ ಹಲವೆಡೆ' ಪ್ಯಾರಾದ ಪಕ್ಕ ಕೆಂಪು ಶಾಯಿಯಲ್ಲಿ 'ಕೇಳಿದ್ದಷ್ಟೇ ಬರೆ' ಎಂದಿತ್ತು. ತೋರಿಸಿ ನಕ್ಕಳು.

ಎರಡು ತಿಂಗಳಾದ ಮೇಲೆ ಅವಳ ಅಪ್ಪ ಫೋನ್ ಮಾಡಿದರು. ನನ್ನ ನಂಬರ್ ಹೇಗೆ ಸಿಕ್ಕಿತೋ ಗೊತ್ತಿಲ್ಲ. 'ಮೇಡಂ, ನೀವು ಏನ್ ಹೇಳಿಕೊಟ್ರಿ? ನಮ್ಮನೆಯವಳು ಮೋಟರ್ ರಿಪೇರಿ ಬಿಲ್ ಓದದೆ ಸಹಿ ಹಾಕ್ಬೇಡಿ ಅಂತಾಳೆ, ಮಗಳು ಪಕ್ಕದಲ್ಲಿ ಕೂತು ಓದಿ ಹೇಳ್ತಾಳೆ.'

'ನಾನು ಬಿಲ್ಲಿನ ವಿಷಯ ಏನೂ ಹೇಳಿಲ್ಲ ಸಾರ್' ಅಂದೆ. ಅಕ್ಷರಶಃ ನಿಜ. ಆದರೂ ಫೋನ್ ಇಟ್ಟ ಮೇಲೆ ಕೈ ಬೆವರಿತ್ತು. ಮರುವಾರ ಕಾಲೇಜಿಗೆ ಹೋದವಳು ಮೊದಲು ಹಾಜರಿ ಪುಸ್ತಕ ತೆಗೆದು ನೋಡಿದೆ. ಒಂದು ದಿನವೂ ತಪ್ಪಿಸಿರಲಿಲ್ಲ.