ಬಯಲ ಹಕ್ಕಿಗಳು: ನೀವು ಕೇಳಿದ್ದು, ನಾವು ಹೇಳಿದ್ದು

ಚಿತ್ರದುರ್ಗದ ಹೊರಗಡೆ ಹೊಸ ಲೇಔಟಲ್ಲಿ ಮನೆ ಕಟ್ಕೊಂಡಿದೀವಿ, ಸುತ್ತ ಬರೀ ಬಂಡೆ, ಜಾಲಿ, ಒಣ ಹುಲ್ಲು. ಚಳಿಗಾಲದ ಹಕ್ಕಿ ನೋಡ್ಬೇಕು ಅಂದ್ರೆ ವಾಣಿವಿಲಾಸ ಸಾಗರಕ್ಕೇ ಹೋಗ್ಬೇಕಾ? ದೀಪಾವಳಿ ಕಳೆದಾಗಿಂದ ಕಾಂಪೌಂಡ್ ಮೇಲೆ ಒಂದು ಕಂದು ಹಕ್ಕಿ ಬಾಲ ನಡುಗಿಸ್ತಾ ಕೂರುತ್ತೆ, ಅದ್ಯಾವ್ದು?

ಅದು ಬ್ಲ್ಯಾಕ್ ರೆಡ್‌ಸ್ಟಾರ್ಟ್ ಹೆಣ್ಣು ಇರ್ಬೇಕು ರೀ, ಹಿಮಾಲಯದ ಕಡೆಯಿಂದ ಬರೋ ಹಕ್ಕಿ. ಇಲ್ಲೇ ವರ್ಷವಿಡೀ ಇರೋ ಇಂಡಿಯನ್ ರಾಬಿನ್ ಹೆಣ್ಣೂ ಕಂದು ಬಣ್ಣದ್ದೇ, ಆದ್ರೆ ಅದು ಬಾಲ ನಿಗುರಿಸಿ ನಿಲ್ಲುತ್ತೆ, ಕೆಂಪು ಬಾಲದ ಬುಡದ ಕೆಳಗಷ್ಟೇ ಕಾಣೋದು. ರೆಡ್‌ಸ್ಟಾರ್ಟ್‌ಗೆ ಬಾಲದ ಅಂಚೇ ಇಟ್ಟಿಗೆ ಕೆಂಪು, ಒಂದ್ ಕ್ಷಣ ಸುಮ್ನಿರಲ್ಲ, ಟಪ್ ಅಂತ ನೆಲಕ್ಕಿಳಿದು ಹುಳ ಹೆಕ್ಕಿ ವಾಪಸ್ ಗೋಡೆಗೆ. ನಾಳೆ ಬೆಳಿಗ್ಗೆ ಬಾಲ ಒಂದೇ ನೋಡಿ, ಗೊತ್ತಾಗ್ಬಿಡುತ್ತೆ.

ಇನ್ನು ಕೆರೆ ವಿಷ್ಯ. ನೀರ ಹಕ್ಕಿ ಬೇಕಂದ್ರೆ ಕೆರೆಗೆ ಹೋಗ್ಲೇಬೇಕು, ಸರಿ. ಆದ್ರೆ ನೀವು ಬರೀ ಒಣ ಹುಲ್ಲು ಅಂತೀರಲ್ಲ, ಅದನ್ನೇ ಹುಡುಕ್ಕೊಂಡು ಸೆಳೆವ ಅನ್ನೋ ಬೇಟೆ ಹಕ್ಕಿ ಮಧ್ಯ ಏಷ್ಯಾದಿಂದ ಹಾರಿ ಬರುತ್ತೆ. ರೆಕ್ಕೆ ವಿ ಆಕಾರಕ್ಕೆ ಎತ್ತಿ, ಹುಲ್ಲಿಗೆ ತಾಗೋ ಹಾಗೆ ತೇಲ್ತಾ ಮಿಡತೆ, ಓತಿಕ್ಯಾತ ಹಿಡಿಯುತ್ತೆ, ರಾತ್ರಿ ಮರದ ಮೇಲಲ್ಲ, ಹುಲ್ಲಿನ ಮಧ್ಯೆ ನೆಲದ ಮೇಲೇ ಮಲಗುತ್ತೆ. ಅದಕ್ಕೇ ಕೈಮುಗಿದು ಕೇಳ್ತೀನಿ, ಖಾಲಿ ಸೈಟ್ ಕ್ಲೀನ್ ಮಾಡ್ತೀವಿ ಅಂತ ಬಯಲಿಗೆ ಬೆಂಕಿ ಇಡೋರಿಗೆ ಒಂದ್ ಮಾತು ಹೇಳಿ, ಅಲ್ಲಿ ಸುಡೋದು ಕಸ ಅಲ್ಲ, ಹಕ್ಕಿ ಮಲಗೋ ಜಾಗ, ಅದ್ರ ಊಟ ಎಲ್ಲಾ. ಪಾಳುಭೂಮಿ ಅಂತ ಹೆಸರಿಟ್ಟು ಗಿಡ ನೆಟ್ಟು ಕಾಡು ಮಾಡೋಕ್ ಹೋಗೋದೂ ಇಲ್ಲಿ ಒಳ್ಳೇದಲ್ಲ, ಬಯಲು ಬಯಲಾಗೇ ಇರ್ಲಿ.

ದಾವಣಗೆರೆಯಿಂದ: ಟೆರೇಸಲ್ಲಿ ನೀರಿಡೋದು ಬೇಸಿಗೇಲಿ ಮಾತ್ರಾನಾ?

ಚಳಿಗಾಲದಲ್ಲೂ ಇಡಿ. ಅಗಲವಾದ, ಆಳ ಇಲ್ದಿರೋ ಮಣ್ಣಿನ ತಟ್ಟೆ, ಒಳಗೊಂದು ಕಲ್ಲು. ದಿನಾ ತೊಳೀರಿ.

ಜೋಗಿಮಟ್ಟಿಗೆ ನಸುಕಲ್ಲೇ ಹೋದ್ರೆ ಹಕ್ಕಿ ಜಾಸ್ತಿ ಸಿಗುತ್ತಂತೆ, ಕರಡಿ ಭಯ ಇದ್ಯಾ?

ಇದೆ. ನಸುಕು ಬೇಡ, ಬಿಸಿಲು ಬಿದ್ಮೇಲೆ ಹೋಗಿ, ಹಕ್ಕಿ ಆಗ್ಲೂ ಸಿಗುತ್ತೆ. ಕರಡಿ ಸಂಜೆಯಿಂದ ಬೆಳಗಿನ ಜಾವದ ತನಕ ಓಡಾಡುತ್ತೆ, ಅದಕ್ಕೆ ಕಣ್ಣು ಮಂದ, ಎದುರಿಗೆ ದಿಢೀರ್ ಅಂತ ಸಿಕ್ರೆ ಗಾಬರಿಯಾಗಿ ಮೇಲೆ ಬೀಳುತ್ತೆ. ಅರಣ್ಯ ಇಲಾಖೆಯವರನ್ನ ಕೇಳ್ಕೊಂಡು, ನಾಲ್ಕು ಜನ ಮಾತಾಡ್ತಾ ನಡೀರಿ. ಹುತ್ತ ಹೊಸದಾಗಿ ಅಗೆದಿದ್ರೆ ಅಥವಾ ಬೋರೆಹಣ್ಣಿನ ಬೀಜ ತುಂಬಿರೋ ಲದ್ದಿ ಹಸಿಯಾಗಿ ಕಂಡ್ರೆ, ಎಷ್ಟೇ ಚೆಂದದ ಹಕ್ಕಿ ಕೂಗ್ತಿರ್ಲಿ, ಅಲ್ಲಿಂದ್ಲೇ ವಾಪಸ್ ಬನ್ನಿ.