ಅಕ್ಕ ಬೀಡಿ ಮುಟ್ಟಿದವಳಲ್ಲ, ಆದರೂ ಯಾಕೆ ಬಂತು?

ಪ್ರಶ್ನೆ: ಡಾಕ್ಟರ್ ಮೇಡಂ, ನಮ್ಮಪ್ಪ ಕಲ್ಲಿನ ಕ್ವಾರಿಯಲ್ಲಿ ದುಡಿದವರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಗ 46 ವರ್ಷದ ಅಕ್ಕನಿಗೂ ಅದೇ ಬಂದಿದೆ. ಬೆಂಗಳೂರಿನ ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಇದು ನಮ್ಮ ರಕ್ತದಲ್ಲೇ ಇದೆಯಾ? ಮಗಳ ಮದುವೆ ಮಾತುಕತೆ ನಡೆದಿದೆ, ಭಯವಾಗುತ್ತಿದೆ. ತಮ್ಮ ಮಾತ್ರ ‘ಹಣೆಯಲ್ಲಿ ಬರೆದಿದ್ದರೆ ಬಿಟ್ಟರೂ ಬರುತ್ತೆ’ ಅಂತ ಬೀಡಿ ಸೇದುತ್ತಲೇ ಇದ್ದಾನೆ.
– ಹೆಸರು ಬೇಡ, ಕುಷ್ಟಗಿ

ಉತ್ತರ: ತಂಗೀ, ಮೊದಲು ಅಕ್ಕನ ವಿಷಯ. ಆ ಟೆಸ್ಟ್ ನೋಡುವುದು ನಿಮ್ಮ ಮನೆತನದ ರಕ್ತವನ್ನಲ್ಲ, ಅವರ ಗಡ್ಡೆಯನ್ನು. ಶ್ವಾಸಕೋಶದ ಜೀವಕೋಶದಲ್ಲಿ ಬದುಕಿನ ನಡುವೆ ಆಗುವ ಬದಲಾವಣೆ ಅದು. ಸಾಮಾನ್ಯವಾಗಿ ಹುಟ್ಟುವಾಗ ತಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ಅದರಲ್ಲಿ ಮುಖ್ಯವಾದದ್ದು ಇಜಿಎಫ್‌ಆರ್ ಅನ್ನುವ ಜೀನ್. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಟನ್ ಒಳಗೇ ಸಿಕ್ಕಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ, ಅಲ್ವಾ? ಈ ಜೀನ್ ಕೆಟ್ಟರೆ ಜೀವಕೋಶವೂ ಹಾಗೇ ಬೆಳೆಯುತ್ತಾ ಹೋಗುತ್ತದೆ. ಬೀಡಿ ಸಿಗರೇಟು ಮುಟ್ಟದ ಏಷ್ಯಾದ ಹೆಂಗಸರಲ್ಲಿ ಇದು ಜಾಸ್ತಿ. 2004ರಲ್ಲಿ ಇದು ಗೊತ್ತಾದ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು. ಈ ಬದಲಾವಣೆ ಇದ್ದವರಿಗೆ ಗುಳಿಗೆ ಇದೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ರೋಗ ಹರಡಿದ ಮೇಲೂ, ಒಸಿಮರ್ಟಿನಿಬ್ ಅನ್ನುವ ಈ ಬಗೆಯ ಹೊಸ ಗುಳಿಗೆ ತಗೊಂಡವರಲ್ಲಿ ಅರ್ಧದಷ್ಟು ಜನ 38 ತಿಂಗಳು ದಾಟಿ ಬದುಕಿದ್ದರು. ಹಳೆಯ ಗುಳಿಗೆಯವರಲ್ಲಿ ಅದು ಸುಮಾರು 32 ತಿಂಗಳು. ಕಾಲಕ್ರಮೇಣ ಗುಳಿಗೆ ಕೆಲಸ ನಿಲ್ಲಿಸಬಹುದು, ಆಗ ಮತ್ತೆ ಟೆಸ್ಟ್ ಬೇಕಾಗುತ್ತದೆ.

ಮಾನ್ವಿ ಕಡೆಯ ಒಬ್ಬ ಅಮ್ಮನಿಗೆ, ಕಫದಲ್ಲಿ ಟಿಬಿ ಸಿಗದಿದ್ದರೂ, ನಾಲ್ಕು ತಿಂಗಳು ಟಿಬಿ ಗುಳಿಗೆ ನುಂಗಿಸಿದ್ದರು. ಹತ್ತಿಕಟ್ಟಿಗೆ ಒಲೆಯ ಮುಂದೆ ಮೂವತ್ತು ವರ್ಷ ರೊಟ್ಟಿ ಬಡಿದವರು. ಇದ್ದದ್ದು ಶ್ವಾಸಕೋಶದ ಕ್ಯಾನ್ಸರ್. ರಾಯಚೂರಿಗೆ ನನ್ನ ಹತ್ತಿರ ಬರುವಷ್ಟರಲ್ಲಿ ಅದು ಮೂಳೆಗೆ ಹರಡಿತ್ತು. ಗಡ್ಡೆಯಲ್ಲಿ ಇಜಿಎಫ್‌ಆರ್ ಬದಲಾವಣೆ ಸಿಕ್ಕಿತು. ಗುಳಿಗೆ ಶುರುವಾದ ಮೂರನೇ ವಾರ ಅವರು ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಆ ನಾಲ್ಕು ತಿಂಗಳು ನೆನೆಸಿಕೊಂಡರೆ ನನಗೆ ಇವತ್ತಿಗೂ ಸಂಕಟ.

ಇನ್ನು ಹುಟ್ಟಿನಿಂದ ಬರುವ ಜೀನ್. ಅಪ್ಪ, ಅಕ್ಕ ಇಬ್ಬರಿಗೂ ಬಂದ ಮನೆಯಲ್ಲಿ ಉಳಿದವರಿಗೆ ಅಪಾಯ ಸ್ವಲ್ಪ ಜಾಸ್ತಿ, ನಿಜ. ಆದರೆ ನಿಮ್ಮಪ್ಪನಿಗೆ ಬೀಡಿಯೂ ಇತ್ತು, ಕಲ್ಲಿನ ಧೂಳೂ ಇತ್ತು. ಆ ಸಿಲಿಕಾ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಮಗಳಿಗೆ ರಕ್ತದ ಟೆಸ್ಟ್ ಬೇಡ. ಮದುವೆ ಮಾತು ಮುಂದುವರಿಸಿ.

ತಮ್ಮನಿಗೆ ಇದನ್ನು ಓದಿ ಹೇಳಿ. ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅಂತಾರೆ. ಅದರಲ್ಲಿ 15ನೆಯದರಲ್ಲಿ, ತಂಬಾಕಿನ ಚಟ ಹಿಡಿಸುವ ನಿಕೋಟಿನ್‌ಗೆ ಸಂಬಂಧಿಸಿದ ಜೀನ್‌ಗಳಿವೆ. ಅದರ ಒಂದು ಬಗೆ ಇರುವವರಿಗೆ ಚಟ ಜಾಸ್ತಿ ಅಂಟುತ್ತದೆ, ಕ್ಯಾನ್ಸರ್ ಅಪಾಯವೂ ಏರುತ್ತದೆ. 2008ರಲ್ಲಿ ಇದು ಗೊತ್ತಾಯಿತು. ಅಂದರೆ ಕೆಲವರಿಗೆ ಬಿಡುವುದು ಕಷ್ಟ, ಸಹಾಯ ಬೇಕು. ಆದರೆ ಬಿಟ್ಟರೆ ಲಾಭ ಇಲ್ಲ ಅಂತ ಅಲ್ಲ. ಬಿಟ್ಟು ಹತ್ತು ವರ್ಷಕ್ಕೆ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಲಿ, ದುಡ್ಡು ಬೇಕಿಲ್ಲ.

ಕೊನೆಗೊಂದು ಕೆಲಸ. ಅಕ್ಕನ ಬಯಾಪ್ಸಿ ತುಣುಕನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಜೀನ್ ಟೆಸ್ಟಿಗೆ ಅದೇ ಬೇಕು. ಕೇಳಿ ಪಡೆದು, ತಮ್ಮನ ಕೈಯಲ್ಲೇ ಬೆಂಗಳೂರಿಗೆ ಕಳಿಸಿ. ಈ ವಾರವೇ ಕಳಿಸಿ.